ಓದುಗರ ಪ್ರಶ್ನೆ: ಮೀನು ಹೊಂಡಕ್ಕೆ ಮಳೆ ಎಷ್ಟು ಕೊಡ್ತು, ಕರೆಂಟ್ ಎಷ್ಟು ಕೊಡ್ತು?

ಪ್ರಶ್ನೆ: ನಮ್ದು ಒಂದು ಎಕರೆ ಹೊಂಡ, ಕಾಟ್ಲಾ ರೋಹು ಮೃಗಾಲ್ ಬಿಟ್ಟಿದೀವಿ, ನೀರಿಗೆ ಗಾಳಿ ಬೆರೆಸೋ 2 ಎಚ್‌ಪಿ ಏರೇಟರ್ ದಿನಾ 10 ಗಂಟೆ ಓಡುತ್ತೆ. ಮೀನು ಸಾಕೋದು ಪರಿಸರಕ್ಕೆ ಒಳ್ಳೇದು ಅಂತೀಯಲ್ಲಪ್ಪ, ಎನರ್ಜಿ ಲೆಕ್ಕ ಹಾಕಿದೀಯಾ ಅಂತ ಕಾಲೇಜಿಗೆ ಹೋಗೋ ಮಗಳು ಕೇಳಿದ್ಲು. ಕರೆಂಟ್ ಬಿಲ್ ಏನೂ ಜಾಸ್ತಿ ಬರ್ತಿಲ್ಲ. ಬೇರೆ ಯಾವ ಲೆಕ್ಕ ಹಾಕ್ಬೇಕು? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮಗಳು ಕೇಳಿದ್ದು ತುಂಬಾ ಒಳ್ಳೆ ಪ್ರಶ್ನೆ, ಕೂತ್ಕೊಂಡು ಇಬ್ರೂ ಸೇರಿ ಲೆಕ್ಕ ಹಾಕಿ. 2 ಎಚ್‌ಪಿ ಅಂದ್ರೆ ಹೆಚ್ಚುಕಮ್ಮಿ ಒಂದೂವರೆ ಕಿಲೋವ್ಯಾಟ್, 10 ಗಂಟೆಗೆ 15 ಯೂನಿಟ್, ಶಕ್ತಿಯ ಅಳತೆಯಾದ ಜೂಲ್‌ನಲ್ಲಿ ಹೇಳಿದ್ರೆ ಒಂದು ಯೂನಿಟ್‌ಗೆ 3.6 ಮೆಗಾಜೂಲ್ (ಒಂದು ಮೆಗಾಜೂಲ್ ಅಂದ್ರೆ 10 ಲಕ್ಷ ಜೂಲ್), ಅಲ್ಲಿಗೆ ದಿನಕ್ಕೆ 54 ಮೆಗಾಜೂಲ್. ನಿಮ್ಮ ಎಕರೆ ಹೊಂಡದ ಮೇಲೆ ಬೀಳೋ ಬಿಸಿಲು ದಿನಕ್ಕೆ 70 ಸಾವಿರ ಮೆಗಾಜೂಲ್ ದಾಟುತ್ತೆ. ಇಷ್ಟು ನೋಡಿದ್ರೆ ಕರೆಂಟ್ ಲೆಕ್ಕಕ್ಕೇ ಇಲ್ಲ ಅನ್ಸುತ್ತೆ, ಬಹಳ ಜನ ಎಡವೋದು ಇಲ್ಲೇ.

ಯಾಕಂದ್ರೆ ಒಂದು ಜೂಲ್ ಬಿಸಿಲೂ ಒಂದು ಜೂಲ್ ಕರೆಂಟೂ ಒಂದೇ ಅಲ್ಲ. ಬಿಸಿಲಿಂದ ಗಿಡ ಬೆಳೆದು, ಅದು ಮಣ್ಣಲ್ಲಿ ಹೂತು ಕೋಟ್ಯಂತರ ವರ್ಷಕ್ಕೆ ಕಲ್ಲಿದ್ದಲಾಗಿ, ಅದನ್ನ ಸುಟ್ಟು ಕರೆಂಟ್ ಮಾಡ್ತಾರೆ, ಪ್ರತಿ ಹಂತದಲ್ಲೂ ಎಷ್ಟೋ ಶಕ್ತಿ ಕರಗಿ ಹೋಗಿರುತ್ತೆ. ಆ ಹಿಂದಿನ ಖರ್ಚನ್ನೆಲ್ಲ ಬಿಸಿಲಿನ ಅಳತೆಗೆ ತಂದು ಲೆಕ್ಕ ಇಡೋ ಪದ್ಧತಿಗೆ ಎಮರ್ಜಿ ಅಂತಾರೆ, ನಡುವೆ ಎನ್ ಅಲ್ಲ ಎಮ್. ಅಮೆರಿಕದ ಪರಿಸರ ವಿಜ್ಞಾನಿ ಹೊವಾರ್ಡ್ ಓಡಂ ಇದನ್ನ ಬೆಳೆಸಿದ್ರು. ಅವರ ಲೆಕ್ಕದಲ್ಲಿ ಒಂದು ಜೂಲ್ ಮಳೆ ನೀರಿನ ಹಿಂದೆ ಸುಮಾರು 18 ಸಾವಿರ ಜೂಲ್ ಬಿಸಿಲಿದೆ, ಕಲ್ಲಿದ್ದಲಿಗೆ 40 ಸಾವಿರ, ಕರೆಂಟಿಗೆ ಹತ್ರ ಹತ್ರ 1.6 ಲಕ್ಷ.

ಈಗ ನಿಮ್ಮ ಹೊಂಡಕ್ಕೆ ಬನ್ನಿ. 54ನ್ನ 1.6 ಲಕ್ಷದಿಂದ ಗುಣಿಸಿದ್ರೆ ದಿನಕ್ಕೆ 86 ಲಕ್ಷ ಸೌರ ಮೆಗಾಜೂಲ್. ಪ್ರಕೃತಿ ಕಡೆಯಿಂದ ಬಿಸಿಲು, ಗಾಳಿ, ಮಳೆ ಮೂರನ್ನೂ ಕೂಡಿಸೋ ಹಾಗಿಲ್ಲ, ಮೂಲ ಒಂದೇ ಆಗಿರೋದ್ರಿಂದ ಒಂದನ್ನೇ ಎರಡು ಸಲ ಎಣಿಸಿದ ಹಾಗಾಗುತ್ತೆ, ಅದಕ್ಕೆ ದೊಡ್ಡದೊಂದನ್ನ ಮಾತ್ರ ತಗೋತಾರೆ, ಇಲ್ಲಿ ಅದು ಮಳೆ. ವರ್ಷಕ್ಕೆ ಒಂದು ಮೀಟರ್ ಮಳೆ ಅಂತ ಹಿಡಿದ್ರೆ, ಸಮುದ್ರದ ಉಪ್ಪು ನೀರಿನ ಎದುರು ಆ ಸಿಹಿ ನೀರಿಗಿರೋ ಶಕ್ತಿ ಎಕರೆಗೆ ವರ್ಷಕ್ಕೆ 20 ಸಾವಿರ ಮೆಗಾಜೂಲ್, ಅದನ್ನ 18 ಸಾವಿರದಿಂದ ಗುಣಿಸಿ ಬಿಸಿಲಿಗೆ ಪರಿವರ್ತಿಸಿ 365 ದಿನಕ್ಕೆ ಹಂಚಿದ್ರೆ ದಿನಕ್ಕೆ ಸುಮಾರು 10 ಲಕ್ಷ. ಅಂದ್ರೆ ಏರೇಟರ್ ಓಡಿದ ದಿನ ಮಳೆ ಕೊಟ್ಟಿದ್ದರ ಎಂಟೂವರೆ ಪಟ್ಟು ನೀವು ಹೊರಗಿಂದ ತಂದಿದೀರಿ! ಹೀಗೆ ಹೊರಗಿಂದ ತಂದಿದ್ದನ್ನ ಪ್ರಕೃತಿ ಕೊಟ್ಟಿದ್ದರಿಂದ ಭಾಗಿಸಿದ್ರೆ ಬರೋದೇ ಪರಿಸರದ ಮೇಲಿನ ಹೊರೆ. ಅದು 2ರ ಒಳಗಿದ್ರೆ ಹಗುರ, 10 ದಾಟಿದ್ರೆ ಭಾರ ಅಂತ ಓದ್ತಾರೆ. ನಿಮ್ಮದು ಫೀಡ್ ಸೇರಿಸೋಕೆ ಮುಂಚೆನೇ 8 ದಾಟ್ತು.

ಫೀಡ್ ವಿಷ್ಯ ಇನ್ನೂ ನೋಡ್ಬೇಕು. ಚೀಲದ ಫೀಡ್‌ನಲ್ಲಿ ಮೀನಿನ ಪುಡಿ ಇದ್ರೆ, ಒಂದು ಕೆಜಿ ಪುಡಿಗೆ ನಾಲ್ಕೈದು ಕೆಜಿ ಹಸಿ ಮೀನು ಹೋಗಿರುತ್ತೆ, ನಮ್ಮ ಕರಾವಳಿಯ ಬೂತಾಯಿ ಅಂಥದ್ದು, ಅದನ್ನ ಹಿಡಿಯೋಕೆ ಬೋಟಿನ ಡೀಸೆಲ್ ಬೇರೆ. ಕಾಟ್ಲಾಕ್ಕೆ ಅಷ್ಟೆಲ್ಲ ಬೇಕಿಲ್ಲ, ಮೇಲಿನ ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳನ್ನ (ಪ್ಲವಕ) ತಿಂದೇ ಬೆಳೆಯೋ ಮೀನು ಅದು. ಸಗಣಿ ಗೊಬ್ಬರದಿಂದ ನೀರು ತಿಳಿ ಹಸಿರಾಗಿದ್ರೆ ತೌಡು, ಕಡಲೆಕಾಯಿ ಹಿಂಡಿ ಮೇಲೇನೇ ಚೆನ್ನಾಗಿ ನಡೆಯುತ್ತೆ.

ಏರೇಟರ್ ನಿಲ್ಲಿಸಿ ಅಂತ ನಾನು ಹೇಳಲ್ಲ, ಮೀನು ಸತ್ರೆ ಖರ್ಚು ಮಾಡಿದ್ದೆಲ್ಲ ದಂಡ. ಆದ್ರೆ ಹಗಲು ಪಾಚಿನೇ ಆಮ್ಲಜನಕ ಕೊಡುತ್ತೆ, ರಾತ್ರಿಯಿಡೀ ಕಮ್ಮಿಯಾಗ್ತಾ ಹೋಗಿ ಬೆಳಗಿನ ಜಾವ ತಳ ಮುಟ್ಟುತ್ತೆ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡೋದು ಅದಕ್ಕೇ. ನಿಮ್ಮ 10 ಗಂಟೆಯಲ್ಲಿ ಹಗಲಿನದ್ದು ಎಷ್ಟಿದೆ ನೋಡಿ, ನೀರು ಪರೀಕ್ಷೆ ಮಾಡ್ಕೊಂಡು ಮೊದ್ಲು ಅದನ್ನ ಕಡಿಮೆ ಮಾಡಿ.

ಪ್ರಶ್ನೆ: ಹೊರೆ ನಿಜವಾಗ್ಲೂ ಹಗುರ ಇರೋ ಮೀನು ಕೃಷಿ ನಮ್ಮಲ್ಲಿ ಎಲ್ಲಾದ್ರೂ ಇದೆಯಾ? (ಬೆಂಗಳೂರಿನ ಓದುಗರು)

ಉತ್ತರ: ಇದೆ, ಕುಮಟಾ ಕಡೆ ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆಯ ಗಜನಿ ಗದ್ದೆಗಳನ್ನ, ಅಂದ್ರೆ ಉಪ್ಪು ನೀರು ಬರೋ ತಗ್ಗು ಗದ್ದೆಗಳನ್ನ ನೋಡ್ಬೇಕು ನೀವು. ಮಳೆಗಾಲದಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ, ರಸಗೊಬ್ಬರ ಇಲ್ಲ. ತೆನೆ ಕೊಯ್ದು ಹುಲ್ಲನ್ನ ಗದ್ದೆಯಲ್ಲೇ ಬಿಡ್ತಾರೆ, ಆಮೇಲೆ ಉಬ್ಬರದ ನೀರು ಒಳಗೆ ಬರುತ್ತೆ, ಜೊತೆಗೆ ಸೀಗಡಿ ಮರಿ, ಮೀನು ಮರಿ. ಹುಲ್ಲು ಕೊಳೆತಿದ್ದೇ ಅವಕ್ಕೆ ಊಟ. ನೀರು ಬದಲಾಯಿಸೋಕೆ ಪಂಪ್ ಬೇಡ, ಉಬ್ಬರ ಇಳಿತನೇ ಮಾಡುತ್ತೆ, ಅದು ಚಂದ್ರ ಸೂರ್ಯರ ಸೆಳೆತದಿಂದ ಬರೋ ಶಕ್ತಿ, ಎಮರ್ಜಿ ಪುಸ್ತಕದಲ್ಲಿ ಪ್ರಕೃತಿ ಕಾಲಂಗೇ ಹೋಗುತ್ತೆ. ಇಳುವರಿ ಏರೇಟರ್ ಹಾಕಿದ ವನಾಮಿ ಸೀಗಡಿ ಹೊಂಡದಷ್ಟು ಬರಲ್ಲ, ನಿಜ. ಆದ್ರೆ ಎಕರೆಗೆ ಎಷ್ಟು ಟನ್ ಅಂತ ಮಾತ್ರ ಕೇಳ್ತಾ ಹೋಗಿ ಈ ಗದ್ದೆಗಳನ್ನ ಹಿಂದುಳಿದ ಕೃಷಿ ಅಂತ ಬರೆದುಬಿಟ್ವಿ, ಒಡ್ಡು ಒಡೆದ್ರೆ ಕಟ್ಟೋರಿಲ್ಲದೆ ಎಷ್ಟೋ ಕಡೆ ಕಗ್ಗ ಹಾಕೋದೇ ನಿಂತಿದೆ, ಅದು ನನಗೆ ತುಂಬಾ ಬೇಜಾರು.