ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪರಿಸರದ ಮಾಡೆಲಿಂಗ್ ಕಲಿಸುವುದು ಎಲ್ಲಿಂದ ಶುರು ಮಾಡಬೇಕು?

ನೀವು ದಾವಣಗೆರೆಯಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಪಾಠ ಶುರು ಮಾಡುತ್ತಿದ್ದೀರಿ. ನೀರು, ನೆಲ, ಬೆಳೆ ಎಲ್ಲ ಬದಲಾಗುತ್ತಲೇ ಇರುವಾಗ ಅವುಗಳ ಮಾಡೆಲ್, ಅಂದರೆ ಲೆಕ್ಕದಲ್ಲಿ ಬರೆದ ರೂಪ, ಮಾಡಲು ಹೇಗೆ ಕಲಿಸಬೇಕು, ಯಾವ ಸಾಫ್ಟ್‌ವೇರ್ ಬೇಕು ಅಂತ ಕೇಳಿದ್ದೀರಿ. ನಾನು ಚಿತ್ರದುರ್ಗದಲ್ಲಿ ಇದನ್ನೇ ಕಲಿಸುತ್ತಿದ್ದೇನೆ. ಸಾಫ್ಟ್‌ವೇರ್ ಮಾತು ಆಮೇಲೆ ಆಡೋಣ.

ಮೊದಲ ಪಾಠ ಚಿತ್ರದುರ್ಗದ ಕೋಟೆಯಲ್ಲಿ ಮಾಡಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಹರಿದು ಊರೊಳಗಿನ ಸಂತೆ ಹೊಂಡದವರೆಗೂ ಬರುತ್ತದೆ. ಒಂದೊಂದು ಹೊಂಡಕ್ಕೂ ಒಂದು ಲೆಕ್ಕ ಬರೆಸಿ: ನಿನ್ನೆ ಇದ್ದ ನೀರು, ಇವತ್ತು ಬಂದದ್ದು, ಆವಿಯಾದದ್ದು, ಇಂಗಿದ್ದು, ಕೋಡಿ ಹರಿದದ್ದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಎಕ್ಸೆಲ್‌ನಲ್ಲೇ ಮೊದಲ ಮಾಡೆಲ್ ಆಗುತ್ತದೆ.

ಕಷ್ಟ ಇರುವುದು 'ಬದಲಾಗುವ' ಅನ್ನುವ ಮಾತಿನಲ್ಲಿ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ್ದು. 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷ ಆದಮೇಲೆ. ಆ ವರ್ಷ ಮಳೆಯೂ ಜೋರಾಗಿತ್ತು, ಅದರ ಜೊತೆಗೆ ಕಾಲುವೆಯಲ್ಲಿ ತಂದ ಭದ್ರಾ ನದಿಯ ನೀರೂ ಬಂದು ಸೇರುತ್ತಿತ್ತು. ಹಳೆಯ ದಾಖಲೆಯಲ್ಲಿ ಆ ಭದ್ರಾ ನೀರು ಇರಲೇ ಇಲ್ಲ ಅಲ್ವಾ? ಬರೀ ಹಳೆಯ ಅಂಕಿಗಳಿಂದ ಕಲಿತ ಮಾಡೆಲ್ ಇದನ್ನು ಹೇಗೆ ಹೇಳೀತು?

ನನ್ನ ಒಬ್ಬ ವಿದ್ಯಾರ್ಥಿನಿ ಕೆರೆಯೊಂದರ ಮಾಡೆಲ್ ತಂದಳು. ನ್ಯಾಶ್-ಸಟ್‌ಕ್ಲಿಫ್ ಅಂಕ 0.8 ದಾಟಿತ್ತು. ಈ ಅಂಕ 1 ಬಂದರೆ ಮಾಡೆಲ್ ಅಳತೆಗೆ ಪೂರ್ತಿ ಹೊಂದಿದೆ ಅಂತ. ಸೊನ್ನೆ ಬಂದರೆ ಸುಮ್ನೆ ಸರಾಸರಿ ಹೇಳಿದ್ದರೂ ಅಷ್ಟೇ ಆಗುತ್ತಿತ್ತು ಅಂತ. ಅವಳಿಗೆ ತುಂಬಾ ಖುಷಿ. ಮಳೆ ಚೆನ್ನಾಗಿದ್ದ ವರ್ಷಗಳಲ್ಲಿ ಹೊಂದಿಸಿದ್ದನ್ನು ಬರದ ವರ್ಷಗಳಿಗೆ ಓಡಿಸು ಅಂದೆ. ಅಂಕ ಸೊನ್ನೆಗಿಂತ ಕೆಳಗೆ ಹೋಯಿತು. ಈ ಪರೀಕ್ಷೆ ನನ್ನದಲ್ಲ, ಕ್ಲೆಮೆಶ್ ಎಂಬ ಜಲವಿಜ್ಞಾನಿ 1986ರಲ್ಲೇ ಹೇಳಿದ್ದು. ನಿಮ್ಮ ತರಗತಿಯಲ್ಲಿ ಇದನ್ನು ಕಡ್ಡಾಯ ಮಾಡಿ.

ಎಲ್ಲಿ ತಪ್ಪಿತು ಅಂತ ಹುಡುಕುತ್ತಾ ನಾವು ಕೆರೆ ಏರಿಗೆ ಹೋದೆವು. ಅಲ್ಲಿ ಒಬ್ಬ ರೈತರು ಹೇಳಿದ ಮಾತು ನನಗೆ ಇಂದಿಗೂ ಪಾಠ: "ಕೆರೆ ತುಂಬಿದ್ರೆ ಅಡಿಕೆ ಸಸಿ ಇಡ್ತೀವಿ ಸರ್. ನೀರು ಹೋದ್ರೆ ಬೋರು ಹೊಡೆಸ್ತೀವಿ. ಬೆಳೆದ ಗಿಡ ಸಾಯೋಕೆ ಬಿಡೋಕಾಗುತ್ತಾ?" ಮೆಕ್ಕೆಜೋಳ ಆಗಿದ್ದರೆ ನಾಲ್ಕು ತಿಂಗಳಲ್ಲಿ ಮುಗಿಯುತ್ತಿತ್ತು. ಅಡಿಕೆ ಫಸಲಿಗೆ ಬರಲಿಕ್ಕೇ ಐದಾರು ವರ್ಷ ಬೇಕು, ಆಮೇಲೆ ದಶಕಗಟ್ಟಲೆ ನೀರು ಕೇಳುತ್ತದೆ. ಅಂದರೆ ಒಳ್ಳೆಯ ಮಳೆಗಾಲವೇ ಮುಂದಿನ ಬರದ ನೀರಿನ ಬೇಡಿಕೆಯನ್ನು ಜಾಸ್ತಿ ಮಾಡಿರುತ್ತದೆ. ಅಂತರ್ಜಲ ಇಳಿದಷ್ಟೂ ಕೆರೆಯ ನೀರು ಬೇಗ ಇಂಗುತ್ತದೆ. ವಿದ್ಯಾರ್ಥಿನಿಯ ಮಾಡೆಲ್‌ನಲ್ಲಿ ಬೆಳೆ ಅನ್ನುವುದು ಹೊರಗಿನಿಂದ ಕೊಟ್ಟ ಒಂದು ಸ್ಥಿರ ಅಂಕಿ. ನಿಜದಲ್ಲಿ ರೈತರ ತೀರ್ಮಾನ ಆ ವ್ಯವಸ್ಥೆಯ ಒಳಗೇ ಇದೆ. ಸುಸ್ಥಿರ ಅಭಿವೃದ್ಧಿ ಅಂತ ಪ್ರಬಂಧದ ಹೆಸರಿನಲ್ಲಿ ಬರೆಯುವವರು ಈ ಸುತ್ತನ್ನು ಚಿತ್ರ ಬಿಡಿಸಿ ತೋರಿಸಲೇಬೇಕು. ನಾನಂತೂ ಅದಿಲ್ಲದೆ ಸಹಿ ಹಾಕುವುದಿಲ್ಲ.

ಇನ್ನು ಸಾಫ್ಟ್‌ವೇರ್. ಜಲಾನಯನದ ಮಾಡೆಲ್‌ಗೆ ಸ್ವಾಟ್, ನಕ್ಷೆಗೆ ಕ್ಯೂಜಿಐಎಸ್, ಲೆಕ್ಕದ ಪ್ರೋಗ್ರಾಂ ಬರೆಯಲು ಆರ್, ಪೈಥಾನ್, ಎಲ್ಲವೂ ಪುಕ್ಕಟೆ ಸಿಗುತ್ತವೆ. ಎರಡನೇ ಸೆಮಿಸ್ಟರ್‌ನಲ್ಲಿ ಶುರು ಮಾಡಿದರೆ ಸಾಕು.

ಆ ವಿದ್ಯಾರ್ಥಿನಿ ಈಗ ಊರಿನ ಬೋರ್‌ಗಳ ಆಳ, ಯಾವ ವರ್ಷ ಕೊರೆಸಿದ್ದು, ಎಷ್ಟು ಎಕರೆ ಅಡಿಕೆ ಅಂತ ಮನೆಮನೆ ಕೇಳಿ ಬರೆದುಕೊಂಡು ಮಾಡೆಲ್ ಮತ್ತೆ ಕಟ್ಟುತ್ತಿದ್ದಾಳೆ. ನಿಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಬನ್ನಿ, ಅವಳೇ ತೋರಿಸುತ್ತಾಳೆ. ಒಂದು ದೊಡ್ಡ ಮಳೆ ಆದ ಮಾರನೇ ದಿನ ಬಂದರೆ ಹೊಂಡದಿಂದ ಹೊಂಡಕ್ಕೆ ನೀರು ಇಳಿಯುವುದನ್ನೂ ನೋಡಬಹುದು.