ಕನ್ಸರ್ವೇಟರಿಗೆ ಹೆಂಚು ಹಾಕಿಸುವ ಮುನ್ನ

ಪ್ರಶ್ನೆ: ಇಂಗ್ಲೆಂಡಿನಲ್ಲಿ ನಮ್ಮದು ಸೆಮಿ ಡಿಟ್ಯಾಚ್ಡ್, ಅಂದರೆ ಒಂದು ಪಕ್ಕ ನೆರೆಮನೆಗೆ ಅಂಟಿಕೊಂಡ ಮನೆ. ಹಿತ್ತಿಲ ಕಡೆ 3 ಮೀಟರ್ ಚಾಚಿದ ಕನ್ಸರ್ವೇಟರಿ (ಗಾಜಿನ ಗೋಡೆ, ಬೆಳಕು ಹಾಯುವ ಚಾವಣಿಯ ಕೋಣೆ) ಬೇಸಿಗೆಯಲ್ಲಿ ಕಾವಲಿಯಂತೆ ಕಾಯುತ್ತದೆ, ಚಳಿಗಾಲದಲ್ಲಿ ಕೂರಲಾಗುವುದಿಲ್ಲ. ಪಾಲಿಕಾರ್ಬೊನೇಟ್ (ಬೆಳಕು ಹಾಯುವ ಪ್ಲಾಸ್ಟಿಕ್) ಹಾಳೆ ತೆಗೆಸಿ ಹೆಂಚಿನ ಚಾವಣಿ ಹಾಕಿಸಲು ಪರ್ಮಿಷನ್ ಬೇಡ ಎನ್ನುತ್ತಾರೆ ಬಿಲ್ಡರ್. ನಿಜವೇ?

ಉತ್ತರ: ಪ್ಲ್ಯಾನಿಂಗ್ ಮಟ್ಟಿಗೆ ಬಹುತೇಕ ನಿಜ. ಆದರೆ ಬಿಲ್ಡಿಂಗ್ ರೆಗ್ಯುಲೇಷನ್ಸ್ (ಕಟ್ಟುವ ಗುಣಮಟ್ಟದ ನಿಯಮಗಳು) ಒಪ್ಪಿಗೆ ಬೇರೆಯೇ, ಅದು ಬೇಕೇ ಬೇಕು.

ಅಂಟಿಕೊಂಡ ಮನೆಗಳಿಗೆ ಹಿಂದೆ 3 ಮೀಟರ್, ಬಿಡಿ ಮನೆಗಳಿಗೆ 4 ಮೀಟರ್‌ವರೆಗೆ ಪರ್ಮಿಟೆಡ್ ಡೆವಲಪ್‌ಮೆಂಟ್ (ಪ್ಲ್ಯಾನಿಂಗ್ ಅರ್ಜಿಯಿಲ್ಲದೆ ಕಟ್ಟುವ ಹಕ್ಕು) ಅನ್ವಯಿಸುತ್ತದೆ. ಒಟ್ಟು ಎತ್ತರ 4 ಮೀಟರ್ ದಾಟಬಾರದು; ಗಡಿಯಿಂದ 2 ಮೀಟರ್ ಒಳಗಿದ್ದರೆ ಸೂರಿನಂಚು 3 ಮೀಟರ್ ಮೀರಬಾರದು. ಹೊರಗಿನ ಸಾಮಗ್ರಿ ಮನೆಯದನ್ನು ಹೋಲಬೇಕೆಂಬ ಷರತ್ತಿನಿಂದ ಕನ್ಸರ್ವೇಟರಿಗೆ ವಿನಾಯಿತಿ ಇದೆ. ಗಟ್ಟಿ ಚಾವಣಿ ಬಂದ ಮೇಲೆ ಅದನ್ನು ನೆಚ್ಚಬೇಡಿ, ಮನೆಯ ಹೆಂಚಿಗೆ ಹೊಂದುವುದನ್ನೇ ಆರಿಸಿ. ಲಿಸ್ಟೆಡ್ (ಪರಂಪರೆಗಾಗಿ ರಕ್ಷಿತ) ಕಟ್ಟಡ, ಫ್ಲ್ಯಾಟ್, ಆರ್ಟಿಕಲ್ 4 (ಈ ಹಕ್ಕನ್ನು ಹಿಂತೆಗೆಯುವ ಆದೇಶ) ಇರುವ ಪ್ರದೇಶವಾದರೆ ಮೊದಲು ಕೌನ್ಸಿಲ್ ಕೇಳಿ.

ಆ ನಿಯಮಗಳನ್ನು ನೋಡಿಕೊಳ್ಳುವ ಬಿಲ್ಡಿಂಗ್ ಕಂಟ್ರೋಲ್ ಏಕೆ ಬರುತ್ತದೆ? 30 ಚದರ ಮೀಟರ್‌ವರೆಗಿನ ಕನ್ಸರ್ವೇಟರಿಗೆ ಸಿಗುವ ವಿನಾಯಿತಿ ಬೆಳಕು ಹಾಯುವ ಚಾವಣಿಯ ಜೊತೆಗೇ ಹೋಗುತ್ತದೆ. ಒಪ್ಪಿಗೆಗೆ ಬಿಲ್ಡಿಂಗ್ ನೋಟಿಸ್ (ವಿವರ ನಕ್ಷೆಯಿಲ್ಲದ ಸೂಚನೆ) ಕೊಟ್ಟರೂ ನಡೆಯುತ್ತದೆ. ಫುಲ್ ಪ್ಲ್ಯಾನ್ಸ್ (ಪೂರ್ಣ ನಕ್ಷೆ) ಸಲ್ಲಿಸುವುದು ಮೇಲು, ಭಾರದ ಲೆಕ್ಕ ಮೊದಲೇ ಪರಿಶೀಲನೆಯಾಗುತ್ತದೆ. ಹಗುರ ಹೆಂಚೇ ಆದರೂ ಪಾಲಿಕಾರ್ಬೊನೇಟ್‌ಗಿಂತ ಭಾರ. ಮೂಲೆಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಂಬದೊಳಗೆ ಲೋಹದ ಆಧಾರ ಇಲ್ಲದಿದ್ದರೆ, ಅಗಲ ಬಾಗಿಲ ಮೇಲೆ ಲಿಂಟಲ್ (ಭಾರ ಹೊರುವ ಅಡ್ಡತೊಲೆ) ಇಲ್ಲದಿದ್ದರೆ ಚೌಕಟ್ಟು ಬಗ್ಗುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ಪಾಯ ಎಷ್ಟು ಆಳವಿದೆ ಎಂದು ಒಂದು ಕಡೆ ಅಗೆದು ತೋರಿಸಲು ಇನ್‌ಸ್ಪೆಕ್ಟರ್ ಕೇಳಬಹುದು.

ಶಾಖ ತಡೆಗೆ ಚಾವಣಿಯ ಯು-ಮೌಲ್ಯ (ಶಾಖ ಸೋರುವ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) 0.15 ಗುರಿ ಇರಲಿ. ಹೆಚ್ಚು ಕೆಡುವುದು ತೇವದಿಂದ. ತೊಲೆಗಳ ನಡುವೆ ಇನ್ಸುಲೇಷನ್ ತುಂಬಿದಾಗ ಅದರ ಮೇಲೆ ಸಾಮಾನ್ಯವಾಗಿ 50 ಮಿಲಿಮೀಟರ್ ಗಾಳಿ ಸಂದು, ಸೂರಿನಂಚಿನಿಂದ ಚಾವಣಿಯ ನೆತ್ತಿಯವರೆಗೆ ಬೇಕು. ಕೆಳಗೆ, ಪ್ಲಾಸ್ಟರ್‌ಬೋರ್ಡಿನ ಹಿಂದೆ, ಆವಿ ತಡೆಯುವ ಹಾಳೆ. ಅದರ ಸೇರುವೆಗಳಿಗೆಲ್ಲ ಟೇಪ್. ದೀಪಕ್ಕೆಂದು ಆ ಹಾಳೆಯಲ್ಲಿ ಕೊರೆದ ಒಂದೊಂದು ತೂತಿನಿಂದಲೂ ಬೆಚ್ಚನೆ ಗಾಳಿ ಮೇಲೇರಿ, ತಣ್ಣನೆಯ ಮೇಲ್ಪದರಕ್ಕೆ ತಾಗಿ ಹನಿಯಾಗಿ ತೊಟ್ಟಿಕ್ಕುತ್ತದೆ. ಬೋರ್ಡಿನಂಚಿನಲ್ಲಿ ಕಂದು ಕಲೆ ಕಾಣುವಷ್ಟರಲ್ಲಿ ಮರ ಒದ್ದೆಯಾಗಿರುತ್ತದೆ. ಆದ್ದರಿಂದ ಬೋರ್ಡು ಮುಚ್ಚುವ ಮೊದಲೇ ಇನ್‌ಸ್ಪೆಕ್ಟರ್ ನೋಡಲಿ.

ಮನೆಗೂ ಕನ್ಸರ್ವೇಟರಿಗೂ ನಡುವಿನ ಬಾಗಿಲು ತೆಗೆಸಬೇಡಿ, ತೆಗೆದರೆ ಇಡೀ ಕೋಣೆಗೆ ಶಾಖದ ಲೆಕ್ಕ ಕೊಡಬೇಕಾಗುತ್ತದೆ. ಬಿಲ್ಡಿಂಗ್ ಕಂಟ್ರೋಲ್ ಕೊಡುವ ಕಂಪ್ಲೀಷನ್ ಸರ್ಟಿಫಿಕೇಟ್ ಕೈಗೆ ಬರುವವರೆಗೆ ಬಿಲ್ಡರ್‌ಗೆ ಕೊನೆಯ ಕಂತು ಕೊಡಬೇಡಿ. ಮನೆ ಮಾರುವಾಗ ಕೊಳ್ಳುವವರ ವಕೀಲರು ಕೇಳುವುದು ಅದನ್ನೇ.