ಚಕ್ರ ತಿರುಗಿಸಿದ ಕೈ ಯಾರದು?

ಪ್ರಿಯ ಲೇಖಕರೇ,

ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಸಾಗರದ ಸಿಂಹ: ಅಡ್ಮಿರಲ್ ಪರ್ಸಿ ಸ್ಕಾಟ್' ಲೇಖನವನ್ನು ಮೂರು ಸಲ ಓದಿದೆ. ಬ್ರಿಟಿಷ್ ನೌಕಾಪಡೆಯ ಫಿರಂಗಿ ಅಧಿಕಾರಿಯೊಬ್ಬನ ಬದುಕನ್ನು ಕನ್ನಡದಲ್ಲಿ ಬರೆಯಲು ಹೊರಟಿರಲ್ಲ, ಅದು ಸಂತೋಷ. ಓದಿಕೊಂಡು ಬರೆದಿದ್ದೀರಿ, ಇಸವಿಗಳು ಸರಿಯಾಗಿವೆ, ಕಾಗುಣಿತ ತಪ್ಪಿಲ್ಲ. ಆದರೂ ಲೇಖನವನ್ನು ವಾಪಸು ಕಳಿಸುತ್ತಿದ್ದೇನೆ. ವಿಷಾದದ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ಹತ್ತಿರ ಇರುವ ಕಥೆ ಅಷ್ಟು ಒಳ್ಳೆಯದು. ಅದನ್ನು ನೀವೇ ಮುಚ್ಚಿಹಾಕಿದ್ದು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು.

ಹಸ್ತಪ್ರತಿಯಲ್ಲಿ 'ಲಾಯಿತು' ಎಂದು ಮುಗಿಯುವ ಪ್ರತಿ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಒಂಬತ್ತು ಪುಟಗಳಲ್ಲಿ 41 ಸಿಕ್ಕವು. ಇದನ್ನು ಬರೀ ವ್ಯಾಕರಣದ ತಕರಾರು ಅಂದುಕೊಳ್ಳಬೇಡಿ. ನಾಲ್ಕನೆಯ ಪುಟ ತೆಗೆಯಿರಿ.

"1898ರಲ್ಲಿ ಸಿಲ್ಲಾ ಹಡಗಿನಲ್ಲಿ ನಿರಂತರ ಗುರಿಯ ಪದ್ಧತಿಯನ್ನು ಕಂಡುಹಿಡಿಯಲಾಯಿತು. ಫಿರಂಗಿಗಳಿಗೆ ಅಗತ್ಯ ಮಾರ್ಪಾಡುಗಳನ್ನು ಮಾಡಲಾಯಿತು. ನಾವಿಕರಿಗೆ ಸೂಕ್ತ ತರಬೇತಿ ನೀಡಲಾಯಿತು."

ಮೂರು ವಾಕ್ಯ, ಕೆಲಸ ಮಾಡಿದ ಒಬ್ಬ ಮನುಷ್ಯನೂ ಇಲ್ಲ. ಯಾರು ಕಂಡುಹಿಡಿದರು? ಅಂದು ಆದದ್ದು ಇಷ್ಟು. ಕಡಲು ಒರಟಾಗಿತ್ತು, ಹಡಗು ತೊನೆಯುತ್ತಿತ್ತು. ಆ ಕಾಲದ ಗುರಿಕಾರರು ಮಾಡುತ್ತಿದ್ದುದೆಂದರೆ, ಹಡಗು ಒಂದು ಪಕ್ಕಕ್ಕೆ ವಾಲಿ ಮತ್ತೆ ಮೇಲೇಳುವಾಗ ಗುರಿ ತಾನಾಗಿ ಕಣ್ಣಳತೆಗೆ ಬರುವ ತನಕ ಕಾಯುವುದು, ಬಂದ ಗಳಿಗೆಯಲ್ಲಿ ಗುಂಡು ಹಾರಿಸುವುದು. ಒಂದು ಕ್ಷಣ ತಡವಾದರೆ ಗುಂಡು ಒಂದೋ ನೀರಿಗೆ, ಇಲ್ಲವೇ ಆಕಾಶಕ್ಕೆ. ಅಂದು ಹೆಚ್ಚಿನವರ ಗುಂಡುಗಳೆಲ್ಲ ದಿಕ್ಕಾಪಾಲಾದವು. ಒಬ್ಬನದು ಮಾತ್ರ ಉಳಿದವರಿಗಿಂತ ಎಷ್ಟೋ ಚೆನ್ನಾಗಿ ಗುರಿಗೆ ಬೀಳುತ್ತಿತ್ತು. ಕ್ಯಾಪ್ಟನ್ ಸ್ಕಾಟ್ ಅವನ ಹತ್ತಿರ ನಿಂತು ನೋಡಿದ. ಫಿರಂಗಿಯ ಮೂತಿಯನ್ನು ಏರಿಸಿ ಇಳಿಸುವ ಚಕ್ರವನ್ನು ಆತ ಹಡಗಿನ ತೊನೆತಕ್ಕೆ ಸರಿಯಾಗಿ ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದ. ಹಡಗು ಏಳಲಿ, ಬೀಳಲಿ, ಅವನ ಕಣ್ಣು ಗುರಿ ಬಿಟ್ಟು ಕದಲುತ್ತಿರಲಿಲ್ಲ. ತಾನು ಹಾಗೆ ಮಾಡುತ್ತಿದ್ದೇನೆಂಬ ಅರಿವು ಅವನಿಗೇ ಇರಲಿಲ್ಲ.

ನೋಡಿ, ಇಡೀ ನೌಕಾಪಡೆಯ ಗುರಿಗಾರಿಕೆಯನ್ನು ಬದಲಿಸಿದ್ದು ಆ ಕೈ. ಸ್ಕಾಟ್‌ನ ದೊಡ್ಡತನ ಇರುವುದು, ಕ್ಯಾಪ್ಟನ್ ಆಗಿದ್ದೂ ಒಬ್ಬ ಸಾಮಾನ್ಯ ನಾವಿಕನ ಕೈಯನ್ನು ಗಮನಿಸಿದ್ದರಲ್ಲಿ. ಆಮೇಲಿನದು ಅವನ ಕೆಲಸ. ಒಬ್ಬನಿಗೆ ತಾನಾಗಿ ಒಲಿದದ್ದು ಎಲ್ಲರಿಗೂ ಬರಬೇಕು, ಅದಕ್ಕೆ ಚಕ್ರ ಹಗುರಾಗಿ ತಿರುಗಬೇಕು ಎಂದು ಹಲ್ಲುಚಕ್ರಗಳ ಅನುಪಾತ ಬದಲಿಸಿದ. ಗುರಿ ಹಿಡಿಯಲು ದುರ್ಬೀನು ಕೂಡಿಸಿದ. ಮೇಲೆ ಕೆಳಗೆ ಆಡುವ ಸಣ್ಣ ಗುರಿಯೊಂದನ್ನು ಫಿರಂಗಿಯ ಮುಂದೆ ನಿಲ್ಲಿಸಿ, ಗುರಿಕಾರ ಫಿರಂಗಿಯ ಕುದುರೆ (ಟ್ರಿಗರ್) ಒತ್ತಿದಾಗಲೆಲ್ಲ ಪೆನ್ಸಿಲ್ ಒಂದು ಚುಕ್ಕಿ ಇಡುವಂಥ ಉಪಕರಣ ಮಾಡಿದ. ಮದ್ದುಗುಂಡು ಖರ್ಚಾಗದೆ ದಿನವೂ ಅಭ್ಯಾಸ. ನೀವು ಇದನ್ನೆಲ್ಲ 'ಅಗತ್ಯ ಮಾರ್ಪಾಡು' ಎಂಬ ಎರಡು ಪದಗಳಲ್ಲಿ ಮುಗಿಸಿದ್ದೀರಿ. ಮರುವರ್ಷದ ಸ್ಪರ್ಧೆಯ ಬಗ್ಗೆ "ಶೇ. 80ರಷ್ಟು ಯಶಸ್ಸು ಸಾಧಿಸಲಾಯಿತು" ಎಂದಿದ್ದೀರಿ. 70 ಗುಂಡು ಹಾರಿಸಿ 56 ತಾಗಿಸಿದರು ಎನ್ನಿ. ಶೇಕಡಾ ಲೆಕ್ಕಕ್ಕೆ ಕೈಕಾಲಿಲ್ಲ. 56 ಗುಂಡುಗಳ ಹಿಂದೆ ಬೆವರುವ ಜನ ಕಾಣುತ್ತಾರೆ. ದೂರ ಸುಮಾರು 1500 ಗಜ ಎಂಬುದನ್ನೂ ಸೇರಿಸಿ, ಇಲ್ಲದಿದ್ದರೆ ಮುಂದೆ ದೂರ ಹೆಚ್ಚಿದಂತೆ ಸ್ಕಾಟ್ ಯಾಕೆ ಎಲ್ಲ ಫಿರಂಗಿಗಳನ್ನೂ ಮೇಲಿನ ಒಂದೇ ಜಾಗದಿಂದ ಗುರಿಯಿಟ್ಟು ಹಾರಿಸುವ ವ್ಯವಸ್ಥೆಗಾಗಿ ವರ್ಷಗಟ್ಟಲೆ ಹೋರಾಡಿದ ಎಂಬುದು ಓದುಗರಿಗೆ ಹೊಳೆಯುವುದಿಲ್ಲ.

ಈ 'ಲಾಯಿತು' ನನಗೆ ಇಷ್ಟು ಚುಚ್ಚುವುದಕ್ಕೆ ಕಾರಣವಿದೆ.

ನಾನು ಒಂದು ದಿನಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದ ಮೊದಲ ಮಳೆಗಾಲ. ಕೋಲಾರದ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ಕೆರೆ ಏರಿ ಬಿರುಕುಬಿಟ್ಟಿತ್ತು. ಕಚೇರಿಯೊಂದರಿಂದ ಬಂದ ಪ್ರಕಟಣೆಯನ್ನು ಮುಂದಿಟ್ಟುಕೊಂಡು "ಮರಳಿನ ಮೂಟೆ ಹಾಕಿ ಏರಿಯನ್ನು ಭದ್ರಪಡಿಸಲಾಯಿತು" ಎಂದು ಬರೆದೆ. ಹಿರಿಯ ಉಪಸಂಪಾದಕರು ಹಾಳೆ ನೋಡಿದರು, 'ಲಾಯಿತು' ಸುತ್ತ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿದರು, ಪಕ್ಕದಲ್ಲಿ ಒಂದೇ ಪದ ಬರೆದರು: "ಯಾರು?" ಪ್ರಕಟಣೆಯಲ್ಲಿ ಹಾಗೇ ಇದೆ ಸಾರ್ ಅಂದೆ. "ನಿನ್ನನ್ನ ಕೇಳಿದ್ದು" ಅಂದರು.

ಮರುದಿನ ಮೊದಲ ಬಸ್ಸಿಗೆ ಹೋದೆ. ಬಿರುಕನ್ನು ಮೊದಲು ಕಂಡವನು ಆ ಕೆರೆಯ ನೀರುಗಂಟಿ. ಕತ್ತಲಲ್ಲಿ ನೀರಿನ ಸದ್ದು ಬೇರೆಯಾಗಿ ಕೇಳಿಸಿತಂತೆ, ಎದ್ದು ಓಡಿದ. ಅವನು ಕೂಗಿ ಎಬ್ಬಿಸಿದ ಮೇಲೆ ಊರಿನ ಹೆಂಗಸರು ಗಂಡಸರು ರಾಗಿ ಚೀಲ ಖಾಲಿ ಮಾಡಿಕೊಂಡು, ಮಣ್ಣು ತುಂಬಿ, ಬೆಳಗಿನ ತನಕ ಹೊತ್ತಿದ್ದಾರೆ. ಪ್ರಕಟಣೆ ಕಳಿಸಿದವರ ಜೀಪು ಬಂದದ್ದು ಬೆಳಕು ಹರಿದ ಮೇಲೆ. ನನ್ನ ಆ ಒಂದು ಪದ ಅಷ್ಟೂ ಜನರನ್ನು ಅಳಿಸಿಹಾಕಿತ್ತು, ಅವರು ಮಾಡಿದ ಕೆಲಸವನ್ನು ಮಾಡದವರ ಲೆಕ್ಕಕ್ಕೆ ಬರೆದಿತ್ತು. ಆ ನೀರುಗಂಟಿ ನನಗೆ ಮಜ್ಜಿಗೆ ಕೊಟ್ಟು, "ಪೇಪರ್‌ನಲ್ಲಿ ಬಂದಿದೆಯಂತಲ್ಲ ಸ್ವಾಮಿ, ಏನಂತ ಬಂದಿದೆ?" ಎಂದು ಕೇಳಿದ. ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ಐದನೆಯ ಪುಟದಲ್ಲಿ ಅದೇ ಆಗಿದೆ. "ಬೋಯರ್ ಯುದ್ಧದಲ್ಲಿ ಹಡಗಿನ ಫಿರಂಗಿಗಳಿಗೆ ಗಾಡಿಗಳನ್ನು ನಿರ್ಮಿಸಲಾಯಿತು." 1899ರ ಅಕ್ಟೋಬರ್, ದಕ್ಷಿಣ ಆಫ್ರಿಕಾದ ಸೈಮನ್ಸ್‌ಟೌನ್. ಡಚ್ ಮೂಲದ ಬೋಯರರ ಮೇಲೆ ಹೊರಟ ಬ್ರಿಟಿಷ್ ದಂಡಿನ ಹತ್ತಿರ ದೂರಕ್ಕೆ ಹೊಡೆಯುವ ಫಿರಂಗಿಗಳಿಲ್ಲ. 'ಟೆರಿಬಲ್' ಹಡಗಿನ ಕ್ಯಾಪ್ಟನ್ನಾಗಿದ್ದ ಸ್ಕಾಟ್ ನಕ್ಷೆ ಬರೆದುಕೊಟ್ಟ, ಸರಿ. ಮರದ ದಿಮ್ಮಿ ಜೋಡಿಸಿ, ಕಬ್ಬಿಣ ಕಾಯಿಸಿ ಬಡಿದವರು ಯಾರು? ಅಲ್ಲಿನ ಹಡಗುಕಟ್ಟೆಯ ಬಡಗಿಗಳು, ಕಮ್ಮಾರರು. ಅವರ ಕೆಲಸ ಒಂದೆರಡು ದಿನ ತಡವಾಗಿದ್ದರೆ 4.7 ಇಂಚಿನ ಆ ಎರಡು ಫಿರಂಗಿಗಳು ಬೋಯರರ ಮುತ್ತಿಗೆ ಬಿಗಿಯುವ ಮೊದಲು ಬ್ರಿಟಿಷ್ ದಂಡು ಬೀಡುಬಿಟ್ಟಿದ್ದ ಲೇಡಿಸ್ಮಿತ್ ಊರು ಸೇರುತ್ತಿರಲಿಲ್ಲ. ಹಾಗೆಯೇ ಎರಡನೆಯ ಪುಟದ ವೇಲ್ ಐಲೆಂಡ್. "ಫಿರಂಗಿ ಶಾಲೆಗಾಗಿ ದ್ವೀಪವನ್ನು ಸಜ್ಜುಗೊಳಿಸಲಾಯಿತು" ಎಂದಿದ್ದೀರಿ. ಪೋರ್ಟ್ಸ್‌ಮತ್ ಬಂದರಿನಲ್ಲಿ ಅಗೆದು ತೆಗೆದ ಕೆಸರುಮಣ್ಣಿನ ದಿಬ್ಬ ಅದು. ಆ ಮಣ್ಣು ಹೊತ್ತವರಲ್ಲಿ ಜೈಲಿನ ಕೈದಿಗಳಿದ್ದರು. ಒಂದು ಸಾಲಾದರೂ ಅವರಿಗೆ ಕೊಡಿ.

ಇನ್ನೊಂದೇ ಜಾಗ. ಏಳನೆಯ ಪುಟ: "1907ರಲ್ಲಿ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್ ಅವರೊಂದಿಗೆ ಭಿನ್ನಾಭಿಪ್ರಾಯ ಉಂಟಾಯಿತು." ಉಂಟಾಯಿತೇ? ಮಳೆ ಬಂದ ಹಾಗೆ ಮೇಲಿಂದ ಬಿತ್ತೇ? ಜರ್ಮನಿಯ ಚಕ್ರವರ್ತಿ ಬರುತ್ತಾನೆ, ಅಭ್ಯಾಸ ನಿಲ್ಲಿಸಿ ಹಡಗುಗಳಿಗೆ ಬಣ್ಣ ಬಳಿಯಿರಿ ಎಂದು ಸ್ಕಾಟ್‌ನ ಮೇಲಧಿಕಾರಿಯಾಗಿದ್ದ ಬೆರೆಸ್‌ಫರ್ಡ್ ಆಜ್ಞೆ ಮಾಡಿದ. ಸ್ಕಾಟ್‌ನ ಕೈಕೆಳಗಿನ 'ರಾಕ್ಸ್‌ಬರ' ಹಡಗು ಫಿರಂಗಿ ಅಭ್ಯಾಸ ಮುಗಿಸಿ ಬರುತ್ತೇವೆ ಎಂದು ಅಪ್ಪಣೆ ಕೇಳಿತು. ಈಗ ಗುರಿಗಾರಿಕೆಗಿಂತ ಬಣ್ಣಕ್ಕೇ ಬೇಡಿಕೆ ಇದ್ದಂತಿದೆ, 8ನೇ ತಾರೀಕಿನೊಳಗೆ ಬಂದು ಚಂದ ಕಾಣುವಂತೆ ಸಿಂಗರಿಸಿಕೊಳ್ಳಿ ಎಂದು ಸ್ಕಾಟ್ ಸಂಕೇತ ಕಳಿಸಿದ. ಬೆರೆಸ್‌ಫರ್ಡ್ ಅವನನ್ನು ತನ್ನ ಹಡಗಿಗೆ ಕರೆಸಿ ಬೈದ, ಸಾಲದ್ದಕ್ಕೆ ಇಡೀ ಪಡೆಗೆ ಗೊತ್ತಾಗುವಂತೆ ಛೀಮಾರಿಯ ಸಂಕೇತ ಹೊರಡಿಸಿದ.

ಸ್ಕಾಟ್‌ನ ಇಡೀ ಬಾಳು ಆ ಜಗಳದಲ್ಲಿದೆ. ಅವನು ಬೆಳೆದ ನೌಕಾಪಡೆಯಲ್ಲಿ ಬಡ್ತಿ ಸಿಗುತ್ತಿದ್ದುದು ಥಳಥಳ ಹೊಳೆಯುವ ಹಡಗಿಗೆ. ಅಧಿಕಾರಿಗಳು ಸ್ವಂತ ದುಡ್ಡು ಹಾಕಿ ಬಣ್ಣ ಕೊಳ್ಳುತ್ತಿದ್ದರು. ಗುಂಡು ಹಾರಿಸಿದರೆ ಹೊಗೆ ಬಣ್ಣವನ್ನು ಕೆಡಿಸುತ್ತದಲ್ಲ, ಅದಕ್ಕೇ ಅಭ್ಯಾಸವೆಂದರೆ ಬೇಸರ. 13ನೇ ವಯಸ್ಸಿಗೆ ಸೇರಿದವನು ನಾಲ್ಕು ದಶಕ ಅದರ ಜೊತೆ ಗುದ್ದಾಡಿ, ಕೊನೆಗೆ ಒಂದು ಸಾಲಿನಲ್ಲಿ ಹೊಟ್ಟೆಯೊಳಗಿನದನ್ನೆಲ್ಲ ಹೇಳಿಬಿಟ್ಟ. ನೀವು ಅದಕ್ಕೆ 'ಭಿನ್ನಾಭಿಪ್ರಾಯ' ಎಂಬ ಸುಣ್ಣ ಬಳಿದಿದ್ದೀರಿ.

ಅಮೆರಿಕದ ನೌಕಾಧಿಕಾರಿ ಸಿಮ್ಸ್, ಜಲಾಂತರ್ಗಾಮಿಗಳ ಬಗ್ಗೆ ಸ್ಕಾಟ್ ಬರೆದ 1914ರ ಪತ್ರ, ಲಂಡನ್ನಿನ ವಾಯುರಕ್ಷಣೆ, ನೀವು ಬರೆದಿರುವ ಇವುಗಳ ಬಗ್ಗೆ ನನ್ನದೇನೂ ಇಲ್ಲ, ಇದ್ದ ಹಾಗೇ ಇರಲಿ. ಆ 41 ವಾಕ್ಯಗಳನ್ನು ಮಾತ್ರ ಒಂದೊಂದಾಗಿ ಎದುರಿಗಿಟ್ಟುಕೊಂಡು "ಯಾರು?" ಎಂದು ಕೇಳಿ. ಕೆಲವಕ್ಕೆ ಹೆಸರು ಸಿಗುತ್ತದೆ, ಕೆಲವಕ್ಕೆ ಬರೀ ಕಸುಬು ಸಿಗುತ್ತದೆ, ಬಡಗಿ, ಗುರಿಕಾರ, ಕೈದಿ. ಅಷ್ಟಾದರೂ ಸಾಕು, ಬರೆಯಿರಿ. ಮೊದಲ ಪ್ಯಾರಾದಲ್ಲಿರುವ 1853, ಲಂಡನ್, ಮನೆತನ ಇವನ್ನು ತೆಗೆದು ಹಿಂದಕ್ಕೆ ಹಾಕಿ. ತೊನೆಯುವ ಹಡಗು, ಚಕ್ರದ ಮೇಲೆ ಆ ನಾವಿಕನ ಕೈ, ಅಲ್ಲಿಂದ ಶುರುವಾಗಲಿ. ಸ್ಕಾಟ್ ಎರಡನೆಯ ಪ್ಯಾರಾದಲ್ಲಿ ಬಂದು ಅವನ ಪಕ್ಕ ನಿಲ್ಲಲಿ.

ಮುಂದಿನ ತಿಂಗಳ 20ರೊಳಗೆ ಕಳಿಸಿದರೆ ಜಾಗ ಇಟ್ಟಿರುತ್ತೇನೆ.

ಸಂಪಾದಕ